ಹವಾಮಾನದ ಚನ್ನಬಸವಯ್ಯನವರೂ ಮುಯ್ಯಾಳಿನ ರಾಗಿಯೂ

ದುದ್ದದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಯಾರಾದರೂ ಕಿಟಕಿಯಾಚೆ ಕೈ ಚಾಚಿ "ಮಳೆ ಬತ್ತದಾ?" ಎಂದರೆ ಸಾಕು, ಪಕ್ಕದಲ್ಲಿ ಕೂತವರು "ಸೆಕ್ರೆಟ್ರಿ ಸಾ ಏನಂದವ್ರೆ?" ಎಂದು ಕೇಳುತ್ತಾರೆ. ಸೆಕ್ರೆಟ್ರಿ ಸಾ ಎಂದರೆ ಚನ್ನಬಸವಯ್ಯನವರು. ಮೂವತ್ತೊಂದು ವರ್ಷ ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಹೆಂಗಸರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಕನ್ನಡಕದ ಮೇಲಿಂದ ಇಣುಕಿ, "ನೀರು" ಎಂಬ ಒಂದೇ ಪದದಲ್ಲಿ ತೀರ್ಪು ಕೊಡುತ್ತಿದ್ದ ಕಾಲ ಮುಗಿದ ಮೇಲೆ ಅವರಿಗೆ ತೀರ್ಪು ಕೊಡಲು ಏನೂ ಉಳಿಯಲಿಲ್ಲ. ಆರು ತಿಂಗಳು ಜಗಲಿಯ ಮೇಲೆ ಕೂತು ಹೋಗಿಬರುವವರನ್ನು ಗದರಿಸಿ ನೋಡಿದರು. ಆಮೇಲೆ ಮಗಳು ಶಿವರಂಜನಿ ಹೊಸ ಮೊಬೈಲು ಕೊಡಿಸಿದಳು. ಅದರಲ್ಲಿ ಬಂಗಾಳ ಕೊಲ್ಲಿ ಇತ್ತು.

ಬಂಗಾಳ ಕೊಲ್ಲಿಯನ್ನು ಚನ್ನಬಸವಯ್ಯನವರು ಕಣ್ಣಾರೆ ಕಂಡವರಲ್ಲ. ಸಮುದ್ರ ಎಂದು ಅವರು ನೋಡಿದ್ದು ಒಂದೇ ಸಲ, ಮಂಗಳೂರಿನಲ್ಲಿ. ಅದು ಆ ಕಡೆಯ ಅರಬ್ಬೀ ಸಮುದ್ರ. ಆದರೆ ಮೊಬೈಲಿನ ನಕ್ಷೆಯಲ್ಲಿ ನೀಲಿ, ಹಸಿರು, ಕೆಂಪು ಬಣ್ಣಗಳು ಸುಳಿಸುಳಿಯಾಗಿ ತಿರುಗುವುದನ್ನು ನೋಡಿದ ದಿನದಿಂದ ಆ ಕೊಲ್ಲಿ ಅವರಿಗೆ ತಮ್ಮ ಹಿತ್ತಲಿಗಿಂತ ಹೆಚ್ಚು ಪರಿಚಯವಾಯಿತು. ಹಿತ್ತಲಿನ ಪರಿಚಯ ಅವರಿಗೆ ಎಂದೂ ಇರಲಿಲ್ಲ, ಆ ಮಾತು ಬೇರೆ. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದರು. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಆರಕ್ಕೆ ಒಂದು ಧ್ವನಿ ಸಂದೇಶ. ಗಂಟಲು ಸರಿಮಾಡಿಕೊಂಡು "ಆತ್ಮೀಯ ರೈತ ಬಾಂಧವರೇ" ಎಂದು ಶುರು. ಎರಡು ವರ್ಷದ ಹಿಂದೆ ಒಂದು ದಿನ "ನಾಲ್ಕು ಗಂಟೆಗೆ ಮಳೆ" ಎಂದರು. ನಾಲ್ಕೂ ಹತ್ತಕ್ಕೆ ಬಂತು. ಆ ಹತ್ತು ನಿಮಿಷವನ್ನು ಊರು ಕ್ಷಮಿಸಿತು. ಹೇಳಿದರೂ ಬಾರದ ಮಳೆಗಳನ್ನೂ ಹೇಳದೆ ಬಂದ ಮಳೆಗಳನ್ನೂ ಅದರ ಜೊತೆಗೇ ಕ್ಷಮಿಸಿತು. ಗಂಡಸು ಒಂದು ಸಲ ಸರಿಯಾದರೆ ತಜ್ಞನಾಗುತ್ತಾನೆ. ಅವರ ಹೆಂಡತಿ ಗುರುಸಿದ್ದಮ್ಮ ಮೂವತ್ತೆಂಟು ವರ್ಷದಿಂದ ದಿನಕ್ಕೆರಡು ಸಲ ಅಳತೆಯಿಲ್ಲದೆ ಸಾರಿಗೆ ಸರಿಯಾಗಿ ಉಪ್ಪು ಹಾಕುತ್ತಿದ್ದಳು. ಅವಳನ್ನು ಯಾರೂ ಯಾವುದರ ತಜ್ಞೆ ಎಂದೂ ಕರೆದಿರಲಿಲ್ಲ.

ಮುನ್ಸೂಚನೆ ಕೊಡುವುದು ಒಂದು ಕೆಲಸ, ಅದರಂತೆ ಓಡಾಡುವುದು ಇನ್ನೊಂದು. ಚನ್ನಬಸವಯ್ಯನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು "ಬತ್ತಾ ಅದೆ" ಎಂದರೆ ಗುರುಸಿದ್ದಮ್ಮ ಅಂಗಳದ ಕೊಬ್ಬರಿ ಬಾಚಿ ಒಳಗೆ ತರಬೇಕು, ಸೌದೆ ಸೂರಿನಡಿಗೆ ಎಳೆಯಬೇಕು, ತಂತಿಯ ಮೇಲಿನ ಬಟ್ಟೆ ತೆಗೆಯಬೇಕು, ಎರಡು ಹಸುಗಳನ್ನು ಕೊಟ್ಟಿಗೆಗೆ ಕಟ್ಟಬೇಕು. ಅರ್ಧ ಗಂಟೆ ಬಿಟ್ಟು ಅದೇ ಕುರ್ಚಿಯಿಂದ "ತಿರುಗ್ಕೊಂತು ಕಣೆ, ಆಂಧ್ರದ ಕಡೆಗೆ" ಎಂದು ಬಂದರೆ, ಎಲ್ಲವೂ ಮತ್ತೆ ಹೊರಗೆ. ಒಂದೇ ದಿನ ಕೊಬ್ಬರಿ ಮೂರು ಸಲ ಒಳಗೆ ಹೊರಗೆ ಓಡಾಡಿದ್ದುಂಟು. ಸಂಜೆ ಗುಂಪಿನಲ್ಲಿ ಅವರು "ಇಂದು ಬಿಡುವಿಲ್ಲದ ದಿನ" ಎಂದು ಹಾಕಿದ್ದರು. ಕೆಳಗೆ ನಲವತ್ತು ಜನ ಕೈಮುಗಿದಿದ್ದರು.

ಸೆಪ್ಟೆಂಬರಿನಲ್ಲಿ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಯಾವುದೋ ಸಂಸ್ಥೆಯವರು ರೈತರಿಗೆ ಹವಾಮಾನದ ಬಗ್ಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಆಹ್ವಾನ ಪತ್ರಿಕೆಯಲ್ಲಿ "ರೈತರು" ಎಂದಿತ್ತು. ಹಾಗೆಂದರೆ ಗಂಡಸರು ಎಂದು ಎಲ್ಲರಿಗೂ ತಾನಾಗಿಯೇ ಅರ್ಥವಾಗುತ್ತದೆ. ಅರವತ್ತು ಗಂಡಸರು ಹೋಗಿ ಮುಂದಿನ ಸಾಲಿನಿಂದ ತುಂಬಿಕೊಂಡರು. ಪಾಠ ಹೇಳಲು ಬಂದವಳು ಗೌತಮಿ ಎಂಬ ಹೊಳೆನರಸೀಪುರದ ಹುಡುಗಿ, ಹವಾಮಾನ ಶಾಸ್ತ್ರ ಓದಿದವಳು. ಚಂಡಮಾರುತ ಯಾವ ದಾರಿ ಹಿಡಿಯುತ್ತದೆ ಎನ್ನುವುದನ್ನು ಎರಡು ಮೂರು ದಿನ ಮೊದಲೇ ಈಗ ತಕ್ಕಮಟ್ಟಿಗೆ ಹೇಳಬಹುದು ಎಂದಳು. ಸುತ್ತಲಿನ ದೊಡ್ಡ ಗಾಳಿಗಳು ಅದನ್ನು ಹೊಳೆ ಕರಟವನ್ನು ಒಯ್ಯುವ ಹಾಗೆ ಒಯ್ಯುತ್ತವೆ. ಆದರೆ ಎಷ್ಟು ಬಲಿಯುತ್ತದೆ, ಯಾವಾಗ ಕುಗ್ಗುತ್ತದೆ ಎನ್ನುವುದು ಇವತ್ತಿಗೂ ಕಷ್ಟ.

"ಯಾಕೆ ಕಷ್ಟ ಅಂದ್ರೆ, ಅದು ಒಳಗಿನ ವಿಷಯ. ಕೆಳಗೆ ಸಮುದ್ರದ ಬಿಸಿ ಎಷ್ಟು ಆಳಕ್ಕಿದೆ, ಮೇಲಿನ ಗಾಳಿ ಅದರ ತಲೆ ಹಾರಿಸುತ್ತಾ, ಪಕ್ಕದಿಂದ ಒಣ ಗಾಳಿ ನುಗ್ಗುತ್ತಾ, ಇದೆಲ್ಲಾ ಗಂಟೆಗಂಟೆಗೂ ಬದಲಾಗುತ್ತೆ. ಉಪಗ್ರಹ ಮೇಲಿಂದ ನೋಡುತ್ತೆ ಅಷ್ಟೆ. ನಡುಗಡಲಿನಲ್ಲಿ ನಿಂತು ಅಳೆಯೋರು ಯಾರೂ ಇಲ್ಲ. ಒಲೆ ಮೇಲಿಟ್ಟ ಹಾಲು ನೋಡಿದ್ದೀರಲ್ಲಾ? ಇನ್ನೂ ಏನೂ ಆಗಿಲ್ಲ ಅಂತ ಈ ಕಡೆ ತಿರುಗಿರ್ತೀರಿ, ಅಷ್ಟರಲ್ಲಿ ಉಕ್ಕಿಬಿಟ್ಟಿರುತ್ತೆ."

ಆ ಅರವತ್ತು ಗಂಡಸರಲ್ಲಿ ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತವರು ಒಬ್ಬರೂ ಇರಲಿಲ್ಲ. ಮೂವತ್ತೊಂದು ವರ್ಷ ಊರಿನ ಹಾಲನ್ನೆಲ್ಲ ಅಳೆದ ಚನ್ನಬಸವಯ್ಯನವರಂತೂ ಹಾಲು ಬಿಸಿಯಾದ ಮೇಲಿನ ಅದರ ಸ್ವಭಾವವನ್ನು ಲೋಟದಲ್ಲಿ ಮಾತ್ರ ಬಲ್ಲರು.

ಅವರು ಎದ್ದು ನಿಂತರು. "ಅದೆಲ್ಲಾ ಇರ್ಲಿ ಕಣಮ್ಮಾ. ನೀವು ಟೀವೀಲಿ ಅರವತ್ತು ಪರ್ಸೆಂಟು ಮಳೆ ಅಂತೀರಲ್ಲ, ಅದೇನು? ಹಾಲಲ್ಲಿ ನೀರು ಅರವತ್ತು ಪರ್ಸೆಂಟು ಅಂದ್ರೆ ನಂಗರ್ಥ ಆಯ್ತದೆ. ಬತ್ತದೆ ಅನ್ನಿ, ಇಲ್ಲಾ ಬರಕ್ಕಿಲ್ಲ ಅನ್ನಿ."

ಸಭೆ ಚಪ್ಪಾಳೆ ತಟ್ಟಿತು. ಗೌತಮಿ ನಕ್ಕಳು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋದೂ ನಮ್ಮ ಕೆಲಸಾನೇ ಸರ್."

"ಗೊತ್ತಿಲ್ಲ ಅನ್ನಕ್ಕೆ ಸಂಬ್ಳ ಕೊಡ್ತಾರೇನ್ಲಾ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಮತ್ತೆ ಚಪ್ಪಾಳೆ.

ಊಟಕ್ಕೆ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. ದುರ್ಬಲ ಎಂದು ನಾವು ಬರೆದರೆ ಅದು ಗಾಳಿಯ ಬಲದ ಬಗ್ಗೆ ಮಾತ್ರ, ಮಳೆಯ ಬಗ್ಗೆ ಅಲ್ಲ. ಗಾಳಿ ಕುಗ್ಗಿದ ಚಂಡಮಾರುತದ ಹೊಟ್ಟೆಯಲ್ಲಿ ಮಳೆ ಹಾಗೇ ಇರಬಹುದು, ನಿಮ್ಮ ಕಡೆಗೆ ಬರುವುದು ಬಹಳ ಸಲ ಅಂಥದ್ದೇ. ಆ ಹೊತ್ತಿಗೆ ಚನ್ನಬಸವಯ್ಯನವರು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಪಾಯಸ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಮನೆಗೆ ಬಂದು, ಅಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಮೊಳೆ ಹೊಡೆದವಳು ಗುರುಸಿದ್ದಮ್ಮ.

ನವೆಂಬರಿನಲ್ಲಿ ರಾಗಿ ಹಣ್ಣಾಯಿತು. ಅವರದು ಒಂದೂವರೆ ಎಕರೆ. ಮನೆಯ ಒಂದು ವರ್ಷದ ಮುದ್ದೆ, ಎರಡು ಹಸುಗಳ ಒಂದು ವರ್ಷದ ಹುಲ್ಲು ಎಲ್ಲ ಅದರಲ್ಲೇ. ಕುಯಿಲು ನಡೆಯುವುದು ಮುಯ್ಯಾಳಿನ ಮೇಲೆ. ಮುಯ್ಯಾಳು ಎಂದರೆ ಕೂಲಿಯಿಲ್ಲದ ಆಳು. ಇವತ್ತು ಎಂಟು ಹೆಂಗಸರು ನಿಮ್ಮ ಹೊಲಕ್ಕೆ ಬಂದು ಕುಯ್ದರೆ, ಆ ಎಂಟೂ ಜನರ ಹೊಲಕ್ಕೆ ನೀವು ಒಂದೊಂದು ದಿನ ಹೋಗಿ ಬೆನ್ನು ಬಗ್ಗಿಸಬೇಕು. ಯಾರ ಹೊಲ ಯಾವತ್ತು ಎಂದು ಸರದಿ ಗೊತ್ತುಮಾಡುವವಳು ಬೆಟ್ಟಮ್ಮ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಅವಳು ಹೇಳಿದ ದಿನ ಬಿಟ್ಟವರ ಸರದಿ ಕೊನೆಗೆ ಹೋಗುತ್ತದೆ. ಗುರುಸಿದ್ದಮ್ಮ ಆಗಲೇ ಐದು ಹೊಲಗಳಲ್ಲಿ ಕುಯ್ದು ಬಂದಿದ್ದಳು. ಗುರುವಾರ ಅವಳ ಸರದಿ.

ಮಂಗಳವಾರ ಬೆಳಿಗ್ಗೆ ಚನ್ನಬಸವಯ್ಯನವರ ಮೊಬೈಲಿನಲ್ಲಿ ಕೆಂಪು ಸುಳಿ ಕಾಣಿಸಿಕೊಂಡಿತು.

"ಲೇ, ಗುರುವಾರ ಹೊಲಕ್ಕಿಳಿಯಂಗಿಲ್ಲ. ತೀವ್ರ ಚಂಡಮಾರುತ. ತೀವ್ರ ಅಂದ್ರೆ ಗೊತ್ತೇನೇ?"

"ಗುರುವಾರ ನಮ್ ಸರದಿ ಕಣ್ರೀ."

"ಸರದಿಯಂತೆ ಸರದಿ. ಗಂಟೆಗೆ ನೂರು ಕಿಲೋಮೀಟ್ರು ಗಾಳಿ. ನಿನ್ನ ಬೆಟ್ಟಮ್ಮನ್ನ ಎತ್ಕೊಂಡೋಗಿ ಅರಕಲಗೂಡಲ್ಲಿ ಇಳಿಸ್ತದೆ."

"ಅವಳ್ನ ಎತ್ತೋ ಗಾಳಿ ಇನ್ನೂ ಹುಟ್ಟಿಲ್ಲ ಬುಡಿ."

"ನಾನೇ ಎಲ್ಲರ್ಗೂ ಕುಯ್ಯಬೇಡಿ ಅಂತ ಹೇಳಿ, ನನ್ನ ಹೊಲದಲ್ಲೇ ಕುಯ್ಲು ಆದ್ರೆ ಜನ ಏನಂತಾರೆ?"

ವಿಷಯ ಅದಾಗಿತ್ತು. ಗುರುಸಿದ್ದಮ್ಮ ಬೆಟ್ಟಮ್ಮನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಬೆಟ್ಟಮ್ಮ ಅವರೆಕಾಯಿ ಬಿಡಿಸುತ್ತಾ ತಲೆಯೆತ್ತದೆ ಕೇಳಿದಳು.

"ಏನಕ್ಕಾ, ನಿಮ್ಮನೆ ಸೈಕ್ಲೋನು ಏನಂತದೆ?"

"ಗುರುವಾರ ಬ್ಯಾಡ್ವಂತೆ ಕಣೆ."

"ಅಂಗಂತ ಮಳೆ ಏಳ್ತೋ, ನಿಮ್ಮ್ ಯಜಮಾನ್ರು ಏಳುದ್ರೋ?" ಬೆಟ್ಟಮ್ಮ ಒಂದು ಹುಳುಕು ಕಾಯಿ ಎಸೆದಳು. "ಆಯ್ತು, ಗುರುವಾರ ನಾಗಲಕ್ಷ್ಮಿ ಒಲ. ನಿಂದು ಕೊನೆಗೇಯಾ. ನನ್ನ ಬೈಬ್ಯಾಡ."

ಗುರುವಾರ ಬಿಸಿಲು ನೆತ್ತಿ ಸುಟ್ಟಿತು. ತೀವ್ರ ಚಂಡಮಾರುತ ತೀರ ಮುಟ್ಟುವ ಮೊದಲೇ, ಯಾರಿಗೂ ಹೇಳದೆ, ಸಮುದ್ರದ ಮೇಲೆಯೇ ಕರಗಿಹೋಗಿತ್ತು. ಗುರುಸಿದ್ದಮ್ಮ ನಾಗಲಕ್ಷ್ಮಿಯ ಹೊಲದಲ್ಲಿ ಕುಡುಗೋಲು ಹಿಡಿದು ಸಂಜೆಯವರೆಗೆ ಕುಯ್ದಳು. ನಾಲ್ಕು ದಿನ ಅದೇ ಬಿಸಿಲು. ನಾಗಲಕ್ಷ್ಮಿಯ ರಾಗಿ ಗರಿಗರಿ ಒಣಗಿ ಮೆದೆಯೇರಿತು. ಚನ್ನಬಸವಯ್ಯನವರು ಗುಂಪಿನಲ್ಲಿ "ನಾವು ಕೊಟ್ಟ ಎಚ್ಚರಿಕೆಯಿಂದ ನಮ್ಮ ಹೋಬಳಿ ದೊಡ್ಡ ಅನಾಹುತದಿಂದ ಪಾರಾಗಿದೆ" ಎಂದರು. ತಪ್ಪಿದ್ದು ಅವರಲ್ಲ, ಚಂಡಮಾರುತ. ಅವರ ಹೊಲದ ರಾಗಿ ಮಾತ್ರ ಹಾಗೇ ನಿಂತು, ತೆನೆ ಬಲಿತು ಬಾಗಿ, ಕಾಳು ಉದುರತೊಡಗಿತು.

ಹನ್ನೊಂದು ದಿನಕ್ಕೆ ಸರದಿ ಮತ್ತೆ ಬಂತು. ಸೋಮವಾರ ಮತ್ತು ಮಂಗಳವಾರ ಎಂಟು ಹೆಂಗಸರು ಒಂದೂವರೆ ಎಕರೆಯನ್ನೂ ಕುಯ್ದು ಮುಗಿಸಿದರು. ಕುಯ್ದ ರಾಗಿಯನ್ನು ಹೊಲದಲ್ಲೇ ಸಾಲಾಗಿ ಮಲಗಿಸಿ ನಾಲ್ಕೈದು ದಿನ ಒಣಗಿಸಬೇಕು, ಆಮೇಲೆ ಹೊರೆ ಕಟ್ಟಿ ಮೆದೆ ಒಟ್ಟಬೇಕು. ನಿಂತ ರಾಗಿ ಒಂದೆರಡು ಮಳೆ ತಡೆಯುತ್ತದೆ. ಮಲಗಿದ ರಾಗಿ ತಡೆಯುವುದಿಲ್ಲ. ಎರಡು ದಿನ ನೆನೆದರೆ ತೆನೆಯಲ್ಲೇ ಮೊಳೆಯುತ್ತದೆ, ಹುಲ್ಲು ಕಪ್ಪಾಗಿ ಹಸು ಮೂಸಿ ನೋಡುವುದಿಲ್ಲ.

ಬುಧವಾರ ಕೊಲ್ಲಿಯಲ್ಲಿ ಇನ್ನೊಂದು ಸುಳಿ ಎದ್ದಿತು. ಬೆಳಿಗ್ಗೆ ಚನ್ನಬಸವಯ್ಯನವರು ವಾಯುಭಾರ ಕುಸಿತ ಎಂದರು, ಸಂಜೆಗೆ ಚಂಡಮಾರುತ ಎಂದರು, ಗುರುವಾರ ತೀವ್ರ ಎಂದರು. ಆದರೆ ಈ ಸಲ ಅವರ ಮನಸ್ಸು ಪೂರ್ತಿ ಕೊಲ್ಲಿಯಲ್ಲಿರಲಿಲ್ಲ. ಶುಕ್ರವಾರ ಚನ್ನರಾಯಪಟ್ಟಣದಲ್ಲಿ ಅವರಿಗೆ ಸನ್ಮಾನ. ಅಲ್ಲಿನ ಗೊಬ್ಬರದಂಗಡಿಯ ಕುಮಾರ್ ಎಂಬಾತ ಬಯಲಲ್ಲಿ ಶಾಮಿಯಾನ ಹಾಕಿಸಿ ಹತ್ತು ಜನ ರೈತರಿಗೆ ಶಾಲು ಹೊದಿಸುತ್ತಿದ್ದ. ಇವರಿಗೆ "ಹವಾಮಾನ ರತ್ನ" ಎಂಬ ಬಿರುದು. ಚಪ್ಪಾಳೆಗೆ ಕಮ್ಮಿಯಾಗಬಾರದೆಂದು ಊರಿನ ಹನ್ನೊಂದು ಗಂಡಸರು ಟೆಂಪೋದಲ್ಲಿ ಹೊರಟರು. ಅವರಲ್ಲಿ ಪಕ್ಕದ ಹೊಲದ ಮಂಚಯ್ಯನೂ ಒಬ್ಬ. ಪ್ರತಿ ವರ್ಷ ಇವರ ಮೆದೆ ಒಟ್ಟುತ್ತಿದ್ದವನು ಅವನೇ.

ಶುಕ್ರವಾರ ಗುರುಸಿದ್ದಮ್ಮ ನಾಲ್ಕೂವರೆಗೆ ಎದ್ದು ಹಾಲು ಕರೆದು, ಹನ್ನೆರಡು ಜನಕ್ಕೆ ಉಪ್ಪಿಟ್ಟು ಮಾಡಿ, ಪಂಚೆ ಶರಟು ಇಸ್ತ್ರಿ ಮಾಡಿಟ್ಟಳು. ಗಂಡ ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಳ್ಳುವಾಗ ಕೇಳಿದಳು.

"ರಾಗಿ ಇನ್ನೂ ಹೊಲ್ದಲ್ಲೇ ಮಲಗ್ಯದೆ. ಮಳೆ ಬಂದ್ರೆ?"

ಅವರು ಮೊಬೈಲು ಎತ್ತಿ, ಕೈ ಚಾಚಿ ದೂರ ಹಿಡಿದು ಓದಿದರು. "ಚಂಡಮಾರುತವು ದುರ್ಬಲಗೊಂಡು ವಾಯುವ್ಯದ ಕಡೆಗೆ ಚಲಿಸುತ್ತಿದೆ. ಕೇಳುಸ್ತಾ? ದುರ್ಬಲ. ನಿಂತ್ಕಳಕ್ಕೆ ತ್ರಾಣ ಇಲ್ದಿರೋದು ಇಲ್ಲೀಗಂಟ ಬತ್ತದಾ?"

"ನಿನ್ನೆ ತೀವ್ರ ಅಂದ್ರಿ."

"ನಿನ್ನೆ ತೀವ್ರ ಇತ್ತು. ಇವತ್ತು ದುರ್ಬಲ ಆಯ್ತು. ಕಾಯ್ಲೆ ಬಿದ್ದಂಗೆ."

"ಹಂಗಾರೆ ನಾಳೆ?"

"ನಿಂಗೆ ವಿಜ್ಞಾನ ತಿಳಿಯಕ್ಕಿಲ್ಲ ಬುಡು." ಅವರು ಹೆಗಲಿಗೆ ಟವೆಲು ಹಾಕಿಕೊಂಡರು. "ಆ ಎರಡು ಟಾರ್ಪಾಲು ಎಲ್ಲದೆ? ಟೆಂಪೋಗೆ ಹಾಕ್ಸು. ಶಾಮಿಯಾನ ಸಾಲ್ದು, ಬಿಸ್ಲಿಗೆ ಕಟ್ಟಬೇಕು ಅಂತ ಕುಮಾರ್ ಹೇಳವ್ನೆ."

"ಟಾರ್ಪಾಲು ರಾಗಿಗೆ ಇಟ್ಟಿರಾದು!"

"ದುರ್ಬಲ ಅಂತ ಓದುದ್ನಲ್ಲೇ. ಮಳೆ ಇಲ್ದಿದ್ರೆ ಟಾರ್ಪಾಲು ಯಾಕೆ?"

ಹನ್ನೆರಡು ಗಂಡಸರೂ ಉಪ್ಪಿಟ್ಟು ತಿಂದು, ತಟ್ಟೆ ಅಲ್ಲಲ್ಲೇ ಬಿಟ್ಟು, ಟಾರ್ಪಾಲು ಹೇರಿಕೊಂಡು ಹೋದರು. ಗುರುಸಿದ್ದಮ್ಮ ಹನ್ನೆರಡು ತಟ್ಟೆ ತೊಳೆದು ಅಂಗಳಕ್ಕೆ ಬಂದಳು.

ಆಕಾಶ ಏನನ್ನೂ ಹೇಳುತ್ತಿರಲಿಲ್ಲ. ತೆಳ್ಳಗೆ ಬೂದಿ ಬಳಿದ ಹಾಗೆ ಮೋಡ, ಗಾಳಿ ಇಲ್ಲ, ಬಿಸಿಲೂ ಇಲ್ಲದ ನೆರಳೂ ಇಲ್ಲದ ಹೊತ್ತು. ಅವಳಿಗೆ ಇರುವೆ ಸಾಲು ನೋಡಿ ಮಳೆ ಹೇಳುವ ವಿದ್ಯೆ ಗೊತ್ತಿರಲಿಲ್ಲ. ಅಂಥ ವಿದ್ಯೆ ಕಲಿಯಲು ಇರುವೆಗಳನ್ನು ನೋಡುತ್ತಾ ಕೂರುವ ಬಿಡುವು ಬೇಕು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಬುಧವಾರದಿಂದ ಇವತ್ತಿನವರೆಗೆ ಆ ಸುಳಿಗೆ ನಾಲ್ಕು ಹೆಸರಾಗಿದೆ. ದಿನಕ್ಕೊಂದು ಹೆಸರಿಟ್ಟುಕೊಳ್ಳುವುದು ಇವತ್ತಿನ ಹೆಸರಲ್ಲೇ ನಿಲ್ಲುತ್ತದೆ ಎನ್ನಲು ಯಾವ ಕಾರಣವೂ ಇಲ್ಲ.

ಅವತ್ತು, ಎಲ್ಲರದೂ ಮುಗಿದ ಮೇಲೆ ತನ್ನದು ಎಂದು ಇಟ್ಟುಕೊಂಡಿದ್ದ ಬೆಟ್ಟಮ್ಮನ ಸ್ವಂತ ಹೊಲದ ಸರದಿ. ಹೆಂಗಸರು ಕುಡುಗೋಲು ಹಿಡಿದು ಅವಳ ಮನೆ ಮುಂದೆ ಸೇರಿದ್ದರು. ಗುರುಸಿದ್ದಮ್ಮ ನೇರವಾಗಿ ಕೇಳಿದಳು.

"ಬೆಟ್ಟಮ್ಮ, ಇವತ್ತು ನಿನ್ನ ಹೊಲ ಬಿಟ್ಟು ನನ್ನ ಹೊಲಕ್ಕೆ ಬರ್ತೀರಾ? ಹೊರೆ ಕಟ್ಟಿ ಮೆದೆ ಒಟ್ಟಬೇಕು."

ನಾಗಲಕ್ಷ್ಮಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಸೆಕ್ರೆಟ್ರಿ ಸಾ ಬೆಳಿಗ್ಗೆ ದುರ್ಬಲ ಅಂತ ಆಕವ್ರಲ್ಲಕ್ಕಾ?"

"ಆಕವ್ರೆ. ಅವರ್ಗೂ ಗೊತ್ತಿಲ್ಲ, ಮೊಬೈಲ್‌ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿಲ್ಲ ಅಂದ್ಮೇಲೆ ಬಿದ್ದಿರೋದ್ನ ಎತ್ತಿಡಾದು ತಾನೆ?"

"ಮಳೆ ಬರ್ದಿದ್ರೆ?" ಬೆಟ್ಟಮ್ಮ ಕೇಳಿದಳು. "ಇನ್ನೂ ಅರೆಹಸಿ ಅದೆ. ಅಸಿ ಮೆದೆ ಒಟ್ಟುದ್ರೆ ಒಳಗೇ ಬಿಸಿ ಏರ್ತದೆ ಕಣಕ್ಕ."

"ಬರ್ದಿದ್ರೆ ಬಿಚ್ಚಿ ಒಣಗ್ಸ್ತೀನಿ. ಎರಡು ದಿನದ ಕೆಲ್ಸ ಜಾಸ್ತಿ, ನಂದೇ. ಬಂದ್ರೆ ಬಿಚ್ಚಕ್ಕೆ ಏನೂ ಇರಕ್ಕಿಲ್ಲ. ನಿನ್ನ ರಾಗಿ ನಿಂತದೆ, ನಂದು ಮಲಗ್ಯದೆ ಕಣೆ. ನಿನ್ನ ಹೊಲಕ್ಕೆ ಒಂದಿನದ ಬದ್ಲು ಮೂರು ದಿನ ಬತ್ತೀನಿ."

ಬೆಟ್ಟಮ್ಮ ಒಂದು ಗಳಿಗೆ ತನ್ನ ಹೊಲದ ದಿಕ್ಕಿಗೆ ನೋಡಿದಳು. ಆಮೇಲೆ ಕುಡುಗೋಲನ್ನು ಸೂರಿಗೆ ಸಿಕ್ಕಿಸಿದಳು. "ಎರಡು ದಿನ ಬಾ, ಸಾಕು. ನಡೀರ್ರೇ, ಇನ್ನೇನು ನೋಡ್ತಾ ನಿಂತ್ರಿ!"

ಒಂಬತ್ತು ಹೆಂಗಸರು ಹತ್ತು ಗಂಟೆಗೆ ಹೊಲಕ್ಕಿಳಿದರು. ಮೇಲಿನ ಸಾಲುಗಳಿಂದ ಶುರುಮಾಡಿ ಅಪ್ಪುಗೆಯಷ್ಟು ರಾಗಿ ಸೇರಿಸಿ ಹೊರೆ ಕಟ್ಟಿದರು, ಹೊತ್ತು ತಂದು ಹೊಲಕ್ಕೂ ಮನೆಗೂ ನಡುವಿನ ದಿಬ್ಬದ ಮೇಲೆ ಇಳಿಸಿದರು. ಹನ್ನೊಂದೂವರೆಗೆ ಐವತ್ತು ಹೊರೆ ಬಂದು ಬಿದ್ದಾಗ ಎಲ್ಲರೂ ಒಮ್ಮೆಲೇ ನಿಂತರು. ಮೆದೆ ಒಟ್ಟುವವರಾರು? ಹೆಂಗಸರು ಮೆದೆ ಹತ್ತಬಾರದು, ಹತ್ತಿದರೆ ರಾಗಿ ಹೆಚ್ಚುವುದಿಲ್ಲ ಎಂದು ಆ ಊರಿನ ಕಟ್ಟಳೆ. ಬಿತ್ತಬಹುದು, ಕಳೆ ಕೀಳಬಹುದು, ಕುಯ್ಯಬಹುದು, ಹೊರಬಹುದು. ಮೇಲೆ ಹತ್ತಿ ನಿಲ್ಲುವುದು ಮಾತ್ರ ಗಂಡಸರದು.

"ಮಂಚಯ್ಯ ಎಲ್ಲಿ?" ಎಂದಳು ಒಬ್ಬಳು.

"ಚಪ್ಪಾಳೆ ತಟ್ಟಕ್ಕೋಗವ್ನೆ."

ಗುರುಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಮೂವತ್ತೆಂಟು ವರ್ಷ ಕೆಳಗೆ ನಿಂತು ಹೊರೆ ಎತ್ತಿಕೊಡುತ್ತಾ ಮೇಲಿನವರ ಕೈ ನೋಡಿದ್ದಳು. ತೆನೆ ಒಳಕ್ಕೆ, ಬುಡ ಹೊರಕ್ಕೆ, ಬಿದ್ದ ನೀರು ಹೊರಗೇ ಜಾರಿಹೋಗುವ ಹಾಗೆ. ನಡುವೆ ಗಾಳಿಯಾಡಲು ಸಡಿಲ ಬಿಟ್ಟಳು. ಮಂಚಯ್ಯ ಎಂದೂ ಬಿಡುತ್ತಿರಲಿಲ್ಲ. ಕೆಳಗಿನಿಂದ ಬೆಟ್ಟಮ್ಮ ಹೊರೆ ಎಸೆಯುತ್ತಾ, "ಅಕ್ಕೋ, ಮೇಲಿಂದ ಚನ್ನರಾಯಪಟ್ಣ ಕಾಣ್ತದಾ? ಶಾಲು ಒದ್ಸುದ್ರಾ ನೋಡು" ಎಂದಳು. ಹೊಲವೆಲ್ಲಾ ನಕ್ಕಿತು.

ಮೂರೂವರೆಗೆ ತುಂತುರು ಶುರುವಾಯಿತು. ಗುಡುಗಿಲ್ಲ, ಗಾಳಿಯಿಲ್ಲ, ಯಾರೋ ಬೇಸರದಿಂದ ನೀರು ಚಿಮುಕಿಸಿದ ಹಾಗೆ. ಮುಕ್ಕಾಲು ಪಾಲು ಮೇಲೇರಿತ್ತು. ತಗ್ಗಿನ ನಾಲ್ಕು ಸಾಲು ಇನ್ನೂ ಮಲಗಿದ್ದವು. ಗುರುಸಿದ್ದಮ್ಮ ಮೆದೆಯ ಮೇಲಿಂದಲೇ ಗಂಡನಿಗೆ ಫೋನು ಮಾಡಿದಳು. ಆ ಕಡೆ ಮೈಕಿನಲ್ಲಿ ಯಾರೋ ಭಾಷಣ ಮಾಡುತ್ತಿದ್ದರು.

"ಮಳೆ ಬತ್ತಾ ಅದೆ. ಯಾರ ಕೈಲಾದ್ರೂ ಟಾರ್ಪಾಲು ಕಳುಸ್ತೀರಾ? ಒಂದು ಗಂಟೆ ದಾರಿ."

"ಇಲ್ಲೂ ಹನೀತಾ ಅದೆ. ಅದು ಸ್ಥಳೀಯ ಮೋಡ ಕಣೆ, ಸೈಕ್ಲೋನ್‌ಗೆ ಸಂಬಂಧ ಇಲ್ಲ. ಈಗ ಬಿಚ್ಚಕ್ಕಾಗಕ್ಕಿಲ್ಲ, ಜನ ಎಲ್ಲಾ ಅದ್ರಡೀಲೇ ಕೂತವ್ರೆ." ಫೋನು ಕಡಿದುಹೋಯಿತು.

ಹೆಂಗಸರು ತಗ್ಗಿನ ಸಾಲಿಗೆ ಓಡಿದರು. ಆದರೆ ನೆನೆದ ಹೊರೆಯನ್ನು ಒಣಗಿದ್ದರ ಜೊತೆ ಸೇರಿಸಿದರೆ ಎಲ್ಲವೂ ಹೋಗುತ್ತದೆ. ಗುರುಸಿದ್ದಮ್ಮ ಮೇಲಿಂದಲೇ "ಬ್ಯಾಡ, ಬುಟ್ಬುಡಿ!" ಎಂದು ಕೂಗಿದಳು. ಕೊಟ್ಟಿಗೆಯ ಹಿಂದಿದ್ದ ಹಳೆಯ ಹುಲ್ಲು, ತೆಂಗಿನ ಗರಿ ಹೊತ್ತು ತಂದು ಮೆದೆಯ ತಲೆ ಮುಚ್ಚಿದರು. ಗುರುಸಿದ್ದಮ್ಮ ಕೊನೆಯ ಗರಿ ಸಿಕ್ಕಿಸಿ ಕೆಳಗಿಳಿದಳು.

ಮೂರು ದಿನ ಹಾಗೇ ಹಿಡಿಯಿತು. ಒಂದು ಮರ ಬೀಳಲಿಲ್ಲ, ಒಂದು ಹೆಂಚು ಹಾರಲಿಲ್ಲ. ದುರ್ಬಲವಾದದ್ದು ದುದ್ದದ ಮೇಲೆ ಬಂದು, ಎಲ್ಲಿಗೂ ಹೋಗಲು ತ್ರಾಣವಿಲ್ಲದೆ, ಅಲ್ಲೇ ಕೂತು ಸುರಿಯಿತು. ಚನ್ನಬಸವಯ್ಯನವರು ಶುಕ್ರವಾರ ಸಂಜೆ ನೆಂದ ಶಾಲು ಹೊದ್ದು, ಫಲಕ ಹಿಡಿದು, ಟಾರ್ಪಾಲು ಅಲ್ಲೇ ಮರೆತು ಮನೆಗೆ ಬಂದರು. ದಿಬ್ಬದ ಕಡೆ ನೋಡಿ ಕೇಳಿದರು.

"ಮೆದೆ ಒಟ್ಟಿದ್ಯಾರು?"

"ನಾನು."

"ಹೆಂಗುಸ್ರು ಹತ್ತಬಾರ್ದು ಅಂ—"

"ಗಂಡುಸ್ರು ಯಾರೂ ಇರ್ಲಿಲ್ಲ. ತಲೆ ಒರುಸ್ಕೊಳಿ, ನೆಗಡಿ ಆಯ್ತದೆ."

ಮಾರನೆಯ ಬೆಳಿಗ್ಗೆ ಅವರು ಕೊಡೆ ಹಿಡಿದು ದಿಬ್ಬಕ್ಕೆ ಹೋಗಿ ಮೆದೆಯ ಫೋಟೋ ತೆಗೆದರು. ಮುಂದೆ ತಾವೂ ನಿಂತು ಇನ್ನೊಂದು ತೆಗೆಸಿಕೊಂಡರು. "ಸಕಾಲದ ಮುನ್ಸೂಚನೆ, ಸುರಕ್ಷಿತ ಬೆಳೆ" ಎಂದು ಬರೆದು ಗುಂಪಿಗೆ ಹಾಕಿದರು. ನೂರ ಹತ್ತು ಜನ ಕೈಮುಗಿದರು. ಬೆಟ್ಟಮ್ಮನ ಮಗಳು ರಂಜಿತಾ ಆ ಗುಂಪಿನಲ್ಲಿದ್ದಳು. "ಒಟ್ಟಿದ್ದು ಯಾರು ಸಾ?" ಎಂದು ಒಂದೇ ಸಾಲು ಬರೆದಳು. ಐದು ನಿಮಿಷದಲ್ಲಿ ಅವಳನ್ನು ಗುಂಪಿನಿಂದ ತೆಗೆದುಹಾಕಲಾಯಿತು.

ಬಿಸಿಲು ಬಂದ ದಿನ ಗುರುಸಿದ್ದಮ್ಮ ತಗ್ಗಿಗೆ ಹೋದಳು. ನಾಲ್ಕು ಸಾಲಿನ ತೆನೆಗಳಲ್ಲಿ ಬಿಳಿ ಬೇರು, ಹಸಿರು ಮೊಳಕೆ. ಒಂದು ತೆನೆ ಎತ್ತಿ ಮೂಸಿದಳು, ಮುಗ್ಗು ನಾತ. ಅದನ್ನು ಪ್ರತ್ಯೇಕ ಒಣಗಿಸಿ, ಪ್ರತ್ಯೇಕ ಬಡಿದು, ಹೆಚ್ಚಿನ ಪಾಲು ಹಸುಗಳ ಬೂಸಕ್ಕೆ ಸೇರಿಸಿದಳು. ಒಂದು ಮೂಟೆ ಮಾತ್ರ ಬೇರೆ ಇಟ್ಟಳು. ಬೆಟ್ಟಮ್ಮನ ಹೊಲಕ್ಕೆ ಎರಡು ದಿನ ಅಲ್ಲ, ಹೇಳಿದ ಹಾಗೆ ಮೂರು ದಿನ ಹೋಗಿ ಕುಯ್ದು ಬಂದಳು. ಮೆದೆಯ ರಾಗಿ ಬಿಸಿಯೇರಿರಲಿಲ್ಲ. ಡಿಸೆಂಬರು ಕೊನೆಗೆ ಬಿಚ್ಚಿ ಬಡಿದಾಗ ಕಾಳು ಕೆಂಪಗೆ, ಗಟ್ಟಿಯಾಗಿತ್ತು.

ಹೊಸ ರಾಗಿಯ ಮೊದಲ ಹಿಟ್ಟು ಬೀಸಿಸಿ ತಂದ ಮಧ್ಯಾಹ್ನ ಒಲೆಯ ಮೇಲೆ ಮುದ್ದೆಗೆಂದು ಎರಡು ಪಾತ್ರೆ ಇದ್ದವು. ಹುರುಳಿ ಸಾರಿನ ಜೊತೆ ಚನ್ನಬಸವಯ್ಯನವರ ತಟ್ಟೆಗೆ ಮುದ್ದೆ ಬಂತು. ಮುದ್ದೆ ಕೂರಲಿಲ್ಲ, ನಿಧಾನವಾಗಿ ಹರಡಿಕೊಂಡಿತು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಏನೇ ಇದು? ಸಿಹಿ ಸಿಹಿ, ಮುಗ್ಗು ಮುಗ್ಗು. ಮುದ್ದೆ ಅನ್ನಂಗೇ ಇಲ್ಲ."

"ತಗ್ಗಿನ ನಾಲ್ಕು ಸಾಲಿಂದು."

"ಒಳ್ಳೇ ರಾಗಿ ಆಗ್ಲಿಲ್ವಾ? ಮೆದೇದು?"

"ಆಗ್ಯದೆ." ಗುರುಸಿದ್ದಮ್ಮ ಎದುರಿಗೆ ಕೂತು ತನ್ನ ತಟ್ಟೆ ಎಳೆದುಕೊಂಡಳು. ಅದರಲ್ಲಿ ಮುದ್ದೆ ಗುಂಡಗೆ, ಹೊಳೆಯುತ್ತಾ ಕೂತಿತ್ತು. "ಅದು ಒಟ್ಟಿದವರದ್ದು. ಬೆಟ್ಟಮ್ಮನ ಮನೆಗೂ ನಾಗಲಕ್ಷ್ಮಿ ಮನೆಗೂ ಹಿಟ್ಟು ಕಳ್ಸಿದೀನಿ. ಇದು ಟಾರ್ಪಾಲು ಹೊತ್ಕೊಂಡು ಹೋದವರದ್ದು. ಒಂದೇ ಮೂಟೆ, ಯುಗಾದಿ ಹೊತ್ಗೆ ಮುಗೀತದೆ."

"ನಂಗೆ ಬೇರೆ ಮುದ್ದೆ ಮಾಡ್ಕೊಡು."

"ಮೆದೇ ಹಿಟ್ಟು ಆ ಡಬ್ಬೀಲದೆ. ನೀರು ಒಲೆ ಮೇಲದೆ. ತಿರುವ್ಕೊಳಿ."

ಚನ್ನಬಸವಯ್ಯನವರು ಒಲೆಯ ಕಡೆ ನೋಡಿದರು. ನೀರು ಕುದಿಯುತ್ತಿತ್ತು. ಹಿಟ್ಟು ಎಷ್ಟು ಹಾಕಬೇಕು, ಎಷ್ಟು ಹೊತ್ತು ಬೇಯಬೇಕು, ಕೋಲನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಅರವತ್ತೆರಡು ವರ್ಷದಲ್ಲಿ ಅವರು ಒಮ್ಮೆಯೂ ಕೇಳಿ ತಿಳಿದಿರಲಿಲ್ಲ. ಅವರು ಮೊಬೈಲು ಪಕ್ಕಕ್ಕಿಟ್ಟು, ತಟ್ಟೆಯ ಕಡೆ ಬಗ್ಗಿ, ಹರಡಿದ್ದನ್ನು ಬೆರಳಿನಿಂದ ಒಟ್ಟುಗೂಡಿಸಿಕೊಂಡು ಸಾರಿನಲ್ಲಿ ಅದ್ದಿ ನುಂಗಿದರು.